ಕನ್ನಡಿಯೊಳಗಿನ ಕೆರೆ

ಆರು ವರ್ಷದ ಹಿಂದೆ ನಾನು ತೆಗೆದ ಒಂದು ಫೋಟೋಗೆ ವಿದ್ಯಾರ್ಥಿಗಳ ಸ್ಪರ್ಧೆಯೊಂದರಲ್ಲಿ ಎರಡನೇ ಬಹುಮಾನ ಬಂದಿತ್ತು. ಬಾದಾಮಿಯ ಅಗಸ್ತ್ಯತೀರ್ಥದ್ದು. ಚಿತ್ರದ ಮೇಲರ್ಧದಲ್ಲಿ ಭೂತನಾಥ ದೇವಾಲಯ, ಅದರ ಹಿಂದೆ ಕೆಂಪು ಮರಳುಗಲ್ಲಿನ ಬೆಟ್ಟ. ಕೆಳಗರ್ಧದಲ್ಲಿ ಅದೇ ದೇವಾಲಯ, ಅದೇ ಬೆಟ್ಟ, ತಲೆಕೆಳಗಾಗಿ. ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆ. ಚಿತ್ರವನ್ನು ಬುಡಮೇಲು ಮಾಡಿ ಹಿಡಿದರೂ ವ್ಯತ್ಯಾಸ ಗೊತ್ತಾಗದಷ್ಟು ನಿಖರ. ಅದಕ್ಕೆ ನಾನಿಟ್ಟ ಹೆಸರು 'ನಿಶ್ಶಬ್ದ'. ತೀರ್ಪುಗಾರರು ಆ ಹೆಸರನ್ನೂ ಮೆಚ್ಚಿಕೊಂಡಿದ್ದರು.

ಆ ನಿಶ್ಶಬ್ದ ಹೇಗೆ ಸಿಕ್ಕಿತು ಎಂಬುದನ್ನು ನಾನು ಈವರೆಗೆ ಎಲ್ಲೂ ಬರೆದಿಲ್ಲ.

ಅದು ಎರಡು ದಿನದ ಛಾಯಾಗ್ರಹಣ ಶಿಬಿರ. ಹದಿನೈದು ಮಂದಿ ಇದ್ದೆವು. ಬೆಳಗಿನ ಹೊತ್ತು ಗಾಳಿ ಇರುವುದಿಲ್ಲ, ನೀರು ಕನ್ನಡಿಯಂತಿರುತ್ತದೆ ಎಂದು ಐದೂವರೆಗೇ ಎಬ್ಬಿಸಿ ಕರೆದೊಯ್ದಿದ್ದರು. ಗಾಳಿಯೇನೋ ಇರಲಿಲ್ಲ. ಆದರೆ ಕೆರೆಯ ಮೆಟ್ಟಿಲ ಮೇಲೆ ಏಳೆಂಟು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಂದೊಂದು ಏಟಿಗೂ ಒಂದೊಂದು ಅಲೆ ಹೊರಟು ನೀರೊಳಗಿನ ದೇವಾಲಯವನ್ನು ಚೂರುಚೂರು ಮಾಡುತ್ತಿತ್ತು. ಶಿಬಿರ ನಡೆಸುತ್ತಿದ್ದವರು ಸ್ವಲ್ಪ ಹೊತ್ತು ಕಾದರು, ಆಮೇಲೆ ಹೋಗಿ ಕೇಳಿದರು: "ಅಮ್ಮಾ, ಒಂದು ಹತ್ತು ನಿಮಿಷ ಒಗೆಯೋದು ನಿಲ್ಲಿಸ್ತೀರಾ? ನೀರು ಅಲುಗಾಡ್ತಿದೆ."

ಅವರಲ್ಲೊಬ್ಬ ಹಿರಿಯಾಕೆ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತು, "ಯಾಕ್ರೀ, ನೀರ ನಿಂದರಿಸಿ ಏನ್ ಮಾಡ್ತೀರಿ? ನಿಂತ ನೀರ ನಾರತೈತಿ" ಎಂದಳು. ಉಳಿದವರು ನಕ್ಕರು. ನಾವೂ ನಕ್ಕೆವು. ಆದರೂ ಅವರು ನಿಲ್ಲಿಸಿದರು. ಊರಿಗೆ ಬಂದವರು ಕೇಳುತ್ತಿದ್ದಾರೆ, ಇಲ್ಲವೆನ್ನುವುದು ಹೇಗೆ ಎಂಬ ದಾಕ್ಷಿಣ್ಯ. ಕೈಯಲ್ಲಿದ್ದ ಸಾಬೂನಿನ ನೊರೆ ಒಣಗುತ್ತಿರಲು ಮೆಟ್ಟಿಲ ಮೇಲೆ ಕೂತರು. ಹತ್ತು ನಿಮಿಷ ಅರ್ಧ ಗಂಟೆಯಾಯಿತು. "ಹುಡುಗರು ಸಾಲಿಗೆ ಹೋಗೂ ಹೊತ್ತಾತು" ಎಂದು ಒಬ್ಬಾಕೆ ಗೊಣಗಿದ್ದು ನನಗೆ ಕೇಳಿಸಿತು. ನಾನು ಟ್ರೈಪಾಡಿನ ಕಾಲು ಸರಿಮಾಡಿಕೊಳ್ಳುತ್ತಿದ್ದೆ.

ಈ ಅರ್ಧ ಗಂಟೆಯೇ ನನ್ನ ಈ ಬರಹದ ವಿಷಯ. ನಾನು ಹೇಳಹೊರಟಿರುವುದು ಇಷ್ಟೇ: ನಿಸರ್ಗದ ಕಲಾತ್ಮಕ ಛಾಯಾಗ್ರಹಣದಲ್ಲಿ ಇಂದು ಮೆರೆಯುತ್ತಿರುವ ಪ್ರತಿಬಿಂಬ, ಅಲುಗದ ನೀರಿನಲ್ಲಿ ಎರಡಾಗಿ ನಿಂತ ಆ ಬೆಟ್ಟ, ನಿಸರ್ಗದ ಚಿತ್ರವಲ್ಲ. ನೀರನ್ನು ಬಳಸುವವರನ್ನೆಲ್ಲ ಬದಿಗೆ ಸರಿಸಿದ ಮೇಲೆ ಉಳಿಯುವುದರ ಚಿತ್ರ. ನಾವು ಅದನ್ನು ಸೌಂದರ್ಯ ಎಂದು ಕಲಿಸುತ್ತಿದ್ದೇವೆ, ಬಹುಮಾನ ಕೊಡುತ್ತಿದ್ದೇವೆ, ಗೋಡೆಗೆ ತೂಗುಹಾಕುತ್ತಿದ್ದೇವೆ. ಇದನ್ನು ನಿಲ್ಲಿಸಬೇಕು.

ಮೊದಲು ಬೆಳಕಿನ ಲೆಕ್ಕ ನೋಡೋಣ. ನೀರನ್ನು ನೇರ ಮೇಲಿನಿಂದ ನೋಡಿದಾಗ ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 2ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಉಳಿದದ್ದು ಒಳಗೆ ಹೋಗುತ್ತದೆ. ಹಾಗಾಗಿ ಬಗ್ಗಿ ನೋಡಿದವರಿಗೆ ಕೆಸರು, ಕಪ್ಪೆಮೊಟ್ಟೆ, ಮೀನುಮರಿ, ಒಡೆದ ಬಾಟಲಿ ಎಲ್ಲ ಕಾಣುತ್ತದೆ. ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸುತ್ತಾ ದೂರ ನೋಡಿದಂತೆ ಹಿಂದಿರುಗುವ ಬೆಳಕು ಏರುತ್ತಾ ಹೋಗುತ್ತದೆ. ಕೊನೆಗೆ ನೀರು ಪೂರ್ತಿ ಕನ್ನಡಿಯಾಗುತ್ತದೆ. ಪ್ರತಿಬಿಂಬದ ಚಿತ್ರ ತೆಗೆಯುವವರು ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಇಡುವುದು ಇದಕ್ಕೇ. ಅಂದರೆ ಕೆರೆ ಕನ್ನಡಿಯಾಗುವ ಕೋನವೂ ಕೆರೆಯ ಒಳಗು ಕಾಣದಾಗುವ ಕೋನವೂ ಒಂದೇ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ. ಪ್ರತಿಬಿಂಬವನ್ನು ಆರಿಸಿಕೊಂಡವರು ನೀರನ್ನು ಬಿಟ್ಟುಕೊಟ್ಟಿದ್ದಾರೆ. ಪೋಲರೈಸರ್ ಎಂಬ ಫಿಲ್ಟರನ್ನು ತಿರುಗಿಸಿದರೆ ಈ ಹೊಳಪನ್ನು ಬಹುಮಟ್ಟಿಗೆ ಅಳಿಸಿ ಒಳಗನ್ನು ನೋಡಬಹುದು. ಆ ಫಿಲ್ಟರ್ ಎಲ್ಲರ ಚೀಲದಲ್ಲೂ ಇರುತ್ತದೆ. ಕೆರೆಯೊಳಗೆ ಏನಿದೆ ಎಂದು ನೋಡಲು ಅದನ್ನು ಹಾಕಿಕೊಂಡವರನ್ನು ಮಾತ್ರ ಶಿಬಿರಗಳಲ್ಲಿ ನಾನು ಕಂಡಿಲ್ಲ.

ಇನ್ನೊಂದು ಸಂಗತಿ. ನಿಜವಾದ ಪ್ರತಿಬಿಂಬ ಮೇಲಿನ ದೃಶ್ಯದ ನಕಲಲ್ಲ. ಕ್ಯಾಮೆರಾ ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಆಳದಲ್ಲಿ ನಿಂತು ಮೇಲಕ್ಕೆ ನೋಡಿದರೆ ಏನು ಕಾಣುತ್ತದೋ ಅದು ನೀರಿನಲ್ಲಿ ಕಾಣುತ್ತದೆ. ಹಾಗಾಗಿ ಸೇತುವೆಯ ತಳ, ಕೊಂಬೆಯ ಅಡಿಭಾಗ, ಹಕ್ಕಿಯ ಹೊಟ್ಟೆ ಇವೆಲ್ಲ ಬಿಂಬದಲ್ಲಿ ಕಾಣುತ್ತವೆ, ಮೇಲೆ ಕಾಣುವುದಿಲ್ಲ. ಬಿಂಬ ಸಾಮಾನ್ಯವಾಗಿ ಮೂಲಕ್ಕಿಂತ ಒಂದಿಷ್ಟು ಕಪ್ಪಾಗಿಯೂ ಇರುತ್ತದೆ. ನೀರು ನಮಗೆ ಎರಡನೆಯ ನೋಟವೊಂದನ್ನು ಬಿಟ್ಟಿಯಾಗಿ ಕೊಡುತ್ತಿದೆ. ನಾವು ಮಾಡುವುದೇನು? ಕೆಳಗಿನ ಅರ್ಧವನ್ನು ಬೆಳ್ಳಗೆ ಮಾಡಿ ಮೇಲಿನದಕ್ಕೆ ಸರಿಗಟ್ಟಿಸುತ್ತೇವೆ. ನೀರು ಅಲುಗಿದರೆ ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ, ನಿಮಿಷಗಟ್ಟಲೆ ಶಟರ್ ತೆರೆದಿಟ್ಟು, ಅಲೆಗಳನ್ನೆಲ್ಲ ಹಾಲಿನಂತೆ ಕಲಸಿಬಿಡುತ್ತೇವೆ. ಅದೂ ಆಗದಿದ್ದರೆ ಮೇಲಿನ ಅರ್ಧವನ್ನೇ ಕಂಪ್ಯೂಟರಿನಲ್ಲಿ ಮಗುಚಿ ಕೆಳಗೆ ಅಂಟಿಸುತ್ತೇವೆ. ಈಗಂತೂ ಲೆನ್ಸಿನ ಕೆಳಗೆ ಮೊಬೈಲಿನ ಕಪ್ಪು ಗಾಜನ್ನು ಅಡ್ಡ ಹಿಡಿದರೆ ಡಾಂಬರು ರಸ್ತೆಯೂ ಸರೋವರವಾಗುತ್ತದೆ. ಮದುವೆಗೆ ಮುಂಚಿನ ಫೋಟೋ ತೆಗೆಯುವ ಹುಡುಗರಿಗೆಲ್ಲ ಈ ಉಪಾಯ ಗೊತ್ತು. ಅವರನ್ನು ನಾನು ಬೈಯುವುದಿಲ್ಲ. ಅವರು ಅದನ್ನು ನಿಸರ್ಗ ಎಂದು ಮಾರುತ್ತಿಲ್ಲ.

ಈ ಚಟ ಕ್ಯಾಮೆರಾದೊಂದಿಗೆ ಹುಟ್ಟಿದ್ದಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ನಿಸರ್ಗ ನೋಡಲು ಹೋಗುವವರು ಜೇಬಿನಲ್ಲಿ ಒಂದು ಸಣ್ಣ ಕನ್ನಡಿ ಇಟ್ಟುಕೊಳ್ಳುತ್ತಿದ್ದರು. ಸ್ವಲ್ಪ ಉಬ್ಬಿದ, ಕಪ್ಪು ಬಣ್ಣದ ಕನ್ನಡಿ. ಫ್ರೆಂಚ್ ಚಿತ್ರಕಾರ ಕ್ಲೋದ್ ಲೊರೇನ್‌ನ ಹೆಸರಿನಲ್ಲಿ ಅದನ್ನು ಕ್ಲಾಡ್ ಗ್ಲಾಸ್ ಎನ್ನುತ್ತಿದ್ದರು. ನೋಡಬೇಕಾದ ಕಣಿವೆಗೆ ಬೆನ್ನು ತಿರುಗಿಸಿ ನಿಂತು, ಕನ್ನಡಿಯನ್ನು ಎತ್ತಿ ಹಿಡಿದು, ಅದರೊಳಗೆ ಬಿದ್ದ ಕಣಿವೆಯನ್ನು ನೋಡುವುದು. ಬಣ್ಣಗಳು ಮೆತ್ತಗಾಗಿ, ಅಂಚುಗಳು ಒತ್ತಾಗಿ, ನೋಟ ಆ ಚಿತ್ರಕಾರನ ಚಿತ್ರದಂತೆ ಕಾಣುತ್ತಿತ್ತು. ಕವಿ ಥಾಮಸ್ ಗ್ರೇ 1769ರಲ್ಲಿ ಲೇಕ್ ಡಿಸ್ಟ್ರಿಕ್ಟಿಗೆ ಹೋದಾಗ ಕೈಯಲ್ಲಿ ಈ ಕನ್ನಡಿಯನ್ನು ಬಿಚ್ಚಿಕೊಂಡೇ ಕೊಳಕು ಓಣಿಯೊಂದರಲ್ಲಿ ಅಂಗಾತ ಬಿದ್ದ. ಬೆರಳಗೆಣ್ಣು ತರಚಿತು. ಇದನ್ನು ಅವನೇ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ನನಗೆ ಈ ಗ್ರೇ ಇಷ್ಟ. ತಾನು ಬಿದ್ದದ್ದನ್ನು ಅವನು ಮುಚ್ಚಿಡಲಿಲ್ಲ, ಕಾಲಕೆಳಗಿನ ಓಣಿ ಕೊಳಕಾಗಿತ್ತು ಎಂಬುದನ್ನೂ ಬರೆದ. ನಮ್ಮ ಪ್ರತಿಬಿಂಬದ ಚಿತ್ರಗಳಲ್ಲಿ ಆ ಓಣಿ ಇರುವುದಿಲ್ಲ.

ಗ್ರೇಯ ಕನ್ನಡಿಯಿಂದ ಯಾರಿಗೂ ಕೇಡಾಗಲಿಲ್ಲ. ಅಮೆರಿಕದ ಯೊಸೆಮಿಟಿ ಕಣಿವೆಯ ಕತೆ ಹಾಗಲ್ಲ. 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ಪಡೆ ಆ ಕಣಿವೆಗೆ ನುಗ್ಗಿ ಅಲ್ಲಿನ ಅಹ್ವಾನೀಚಿ ಜನರನ್ನು ಹೊರಗಟ್ಟಿತು. ಪಡೆಯಲ್ಲಿದ್ದ ಲಫಾಯೆಟ್ ಬನೆಲ್ ಎಂಬಾತ ಮೇಲಿನ ಬೆಟ್ಟದ ಸರೋವರವೊಂದಕ್ಕೆ ಆ ಜನರ ಮುಖಂಡ ತೆನಾಯನ ಹೆಸರನ್ನೇ ಇಟ್ಟ. ಇದು ಗೌರವ ಎಂದು ಅವನ ಎಣಿಕೆ. ಅದಕ್ಕೆ ಈಗಾಗಲೇ ಹೆಸರಿದೆಯಲ್ಲ ಎಂದು ತೆನಾಯ ಹೇಳಿದನೆಂದು ಬನೆಲ್ಲೇ ದಾಖಲಿಸಿದ್ದಾನೆ. ಆ ಹಳೆಯ ಹೆಸರಿನ ಅರ್ಥ ಹೊಳೆಯುವ ಬಂಡೆಗಳು ಎಂದು. ಹೊಳಪನ್ನು ನೋಡಿ ಹೆಸರಿಡಲು ಅವರಿಗೂ ಬರುತ್ತಿತ್ತು.

ಹತ್ತು ವರ್ಷದ ನಂತರ, 1861ರಲ್ಲಿ, ಕಾರ್ಲ್‌ಟನ್ ವಾಟ್ಕಿನ್ಸ್ ತನ್ನ ದೈತ್ಯ ಕ್ಯಾಮೆರಾವನ್ನು ಆ ಕಣಿವೆಗೆ ಹೊತ್ತು ತಂದ. 18 ಇಂಚು ಅಗಲ 22 ಇಂಚು ಉದ್ದದ ಗಾಜಿನ ನೆಗೆಟಿವ್‌ಗಳು. ಕಣಿವೆಯೊಳಗಿನ ಮಿರರ್ ಲೇಕ್, ಅಂದರೆ ಕನ್ನಡಿ ಕೆರೆಯಲ್ಲಿ ಬಿದ್ದ ಬೆಟ್ಟಗಳನ್ನು ಅವನು ತೆಗೆದ. ಅದ್ಭುತ ಚಿತ್ರಗಳು, ಅನುಮಾನವೇ ಇಲ್ಲ. ಅವುಗಳನ್ನು ನೋಡಿದ ಪೂರ್ವತೀರದ ಜನ ಬೆರಗಾದರು. 1864ರ ಜೂನ್ 30ರಂದು ಲಿಂಕನ್ ಆ ಕಣಿವೆಯನ್ನು ಸಂರಕ್ಷಿಸುವ ಕಾಯ್ದೆಗೆ ಸಹಿ ಹಾಕಿದ. ಅದರ ಹಿಂದೆ ಈ ಚಿತ್ರಗಳ ಪಾಲೂ ಇತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಚಿತ್ರದಲ್ಲಿ ಕಂಡದ್ದು ಯಾರೂ ಇಲ್ಲದ ಕಣಿವೆ. ಹದಿಮೂರು ವರ್ಷದ ಹಿಂದೆ ಖಾಲಿ ಮಾಡಿಸಿದ್ದ ಕಣಿವೆ ಚಿತ್ರದಲ್ಲಿ ಅನಾದಿಕಾಲದಿಂದಲೂ ಖಾಲಿಯಿದ್ದಂತೆ ಕಂಡಿತು. ಆ ಕನ್ನಡಿ ಕೆರೆಯಲ್ಲಿ ಬಿಂಬವಾಗಿ ಬೀಳುವ ಒಂದು ಬೆಟ್ಟದ ಇಂದಿನ ಹೆಸರು ಮೌಂಟ್ ವಾಟ್ಕಿನ್ಸ್. ಚಿತ್ರ ತೆಗೆದವನ ಹೆಸರೇ ಬೆಟ್ಟಕ್ಕೆ ಅಂಟಿಕೊಂಡಿತು.

ಆ ಕನ್ನಡಿಯೂ ತಾನಾಗಿ ಉಳಿಯಲಿಲ್ಲ. ತೊರೆ ತರುವ ಮರಳಿನಿಂದ ಕೆರೆ ಹೂಳುತ್ತಾ ಹುಲ್ಲುಗಾವಲಾಗಲು ಹೊರಟಿತ್ತು. ಅದು ಕೆರೆಯ ಸ್ವಭಾವ. 1971ರವರೆಗೂ ಹೂಳು ತೆಗೆಯುತ್ತಾ ಅದನ್ನು ಕನ್ನಡಿಯಾಗಿಯೇ ಇಟ್ಟುಕೊಳ್ಳಲಾಯಿತು. ತೆಗೆದ ಮರಳನ್ನು ಚಳಿಗಾಲದಲ್ಲಿ ಹಿಮಗಟ್ಟಿದ ರಸ್ತೆಗಳಿಗೆ ಚೆಲ್ಲುತ್ತಿದ್ದರು. ನಮ್ಮಲ್ಲಿ ಕೆರೆಯ ಹೂಳು ತೆಗೆಯುವುದು ಗದ್ದೆಗೆ ನೀರು ಬೇಕೆಂದು. ಅಲ್ಲಿ ತೆಗೆದದ್ದು ನೋಟ ಉಳಿಯಲೆಂದು, ರಸ್ತೆಗೆ ಮರಳು ಸಿಗಲೆಂದು. ಈಗ ಅಲ್ಲಿ ಮಳೆಹಿಮ ಕರಗುವ ಕಾಲಕ್ಕೆ ಮಾತ್ರ ನೀರು ತುಂಬಿಕೊಳ್ಳುತ್ತದೆ. ಆ ಹೂಳುವ ಕೆರೆಯೂ ನೋಡಲು ಯೋಗ್ಯವಾದದ್ದೇ.

ಇಷ್ಟು ದೂರದ ಕತೆ ನಮಗೇಕೆ ಎಂದು ಕೇಳಬಹುದು. ಆ ಖಾಲಿ ಕಣಿವೆಯ ರುಚಿಯೇ ಈಗ ನಮ್ಮ ಸ್ಪರ್ಧೆಗಳ ನಿಯಮವಾಗಿ ಬಂದು ಕೂತಿದೆ, ಅದಕ್ಕೆ. ನಮ್ಮ ಊರುಗಳ ಛಾಯಾಗ್ರಹಣ ಸಂಘಗಳು ನಡೆಸುವ ಸಲೋನ್‌ಗಳು ಬಹುಪಾಲು ಅನುಸರಿಸುತ್ತಾ ಬಂದದ್ದು ಅಮೆರಿಕದ ಪಿಎಸ್‌ಎ, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಸೇರಿ ಒಪ್ಪಿಕೊಂಡ ವ್ಯಾಖ್ಯೆಯನ್ನು. ಅದರ ಪ್ರಕಾರ ನಿಸರ್ಗ ವಿಭಾಗದ ಚಿತ್ರದಲ್ಲಿ ಮನುಷ್ಯನ ಕುರುಹು ಇರಕೂಡದಿತ್ತು. ವಿನಾಯಿತಿ ಇತ್ತು: ಮನುಷ್ಯರ ನಡುವೆ ಬದುಕಲು ಕಲಿತ ಕಣಜದ ಗೂಬೆ, ಕೊಕ್ಕರೆಗಳಂಥ ಜೀವಿಗಳಿದ್ದರೆ ಸರಿ, ಚಂಡಮಾರುತದಂಥ ನಿಸರ್ಗಶಕ್ತಿಯನ್ನು ತೋರಿಸುವಾಗಲೂ ಸರಿ. ಗೂಬೆಗೆ ರಿಯಾಯಿತಿ ಇತ್ತು, ಒಗೆಯುವವಳಿಗಿರಲಿಲ್ಲ. ಈ ನಿಯಮದ ಉದ್ದೇಶ ಕೆಟ್ಟದ್ದಲ್ಲ ಎಂದು ಬಲ್ಲೆ. ಸಾಕಿದ ಪ್ರಾಣಿಯನ್ನು ಕಾಡುಪ್ರಾಣಿ ಎಂದು ತೋರಿಸುವ ಮೋಸ ತಡೆಯಬೇಕು, ಚಿತ್ರವನ್ನು ತಿದ್ದಿ ಸುಳ್ಳು ಹೇಳುವುದನ್ನು ತಡೆಯಬೇಕು. ಆದರೆ ವಿಭಾಗವೊಂದರ ನಿಯಮ ಮೆಲ್ಲಗೆ ಎಲ್ಲ ವಿಭಾಗಗಳ ಅಭಿರುಚಿಯಾಯಿತು. ನನ್ನ ಬಾದಾಮಿಯ ಚಿತ್ರ ನಿಸರ್ಗ ವಿಭಾಗದ್ದಾಗಿರಲಿಲ್ಲ, ಭೂದೃಶ್ಯ ವಿಭಾಗದ್ದು. ಅಲ್ಲಿ ಹೆಂಗಸರು ಇರಬಾರದು ಎಂದು ಯಾರೂ ಬರೆದಿರಲಿಲ್ಲ. ಆದರೂ ಅವರನ್ನು ಎಬ್ಬಿಸಬೇಕು ಎಂದು ನಮಗೆಲ್ಲ ಹೇಳದೆಯೇ ಗೊತ್ತಿತ್ತು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರ ನಡುವಿನ ಮರಗಳಲ್ಲಿ, ಮನೆಯ ಹಿತ್ತಲಲ್ಲಿ. ಊರವರು ಅವುಗಳನ್ನು ಹೆರಿಗೆಗೆ ತವರಿಗೆ ಬಂದ ಮಗಳಂತೆ ಕಾಣುತ್ತಾರೆ. ಕೊಕ್ಕರೆ ಉಳಿದಿರುವುದೇ ಮನುಷ್ಯರಿಂದ. ಕೊಕ್ಕರೆಯನ್ನು ಚಿತ್ರದಲ್ಲಿ ಇಟ್ಟುಕೊಂಡು ಆ ಮನೆಯ ಹೆಂಚನ್ನು ಕತ್ತರಿಸುವ ಚಿತ್ರ ಯಾವ ನಿಸರ್ಗದ್ದು?

ಹಕ್ಕಿಯ ಮಾತು ಬಂದದ್ದರಿಂದ ಕನ್ನಡಿಯ ಇನ್ನೊಂದು ಮುಖವನ್ನೂ ಹೇಳಬೇಕು. ನಮ್ಮೂರಿನ ಮನೆಯಲ್ಲಿ ಅಪ್ಪ ಸ್ಕೂಟರ್ ನಿಲ್ಲಿಸಿದ ಕೂಡಲೇ ಅದರ ಎರಡೂ ಕನ್ನಡಿಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಇಲ್ಲದಿದ್ದರೆ ಹಿತ್ತಲಿನ ಪಿಕಳಾರ ಬಂದು ತನ್ನ ಬಿಂಬವನ್ನೇ ಎದುರಾಳಿ ಎಂದುಕೊಂಡು ಕೊಕ್ಕು ನೋಯುವವರೆಗೆ ಕುಟ್ಟುತ್ತದೆ. ಮರಿ ಮಾಡುವ ಕಾಲದಲ್ಲಿ ಅದಕ್ಕೆ ಊಟವೂ ನೆನಪಿರುವುದಿಲ್ಲ. ಅಪ್ಪ ಪಕ್ಷಿಪ್ರೇಮಿಯೇನಲ್ಲ, ಕನ್ನಡಿಯ ಮೇಲಿನ ಹಿಕ್ಕೆ ಒರೆಸಲು ಬೇಸರ, ಅಷ್ಟೇ. ಆದರೂ ಹಕ್ಕಿಗೆ ಆ ಚೀಲದಿಂದ ಒಳ್ಳೆಯದೇ ಆಗಿದೆ. ನಮ್ಮ ಕಲಾವಿದರಿಗೆ ಈ ಚೀಲದ ವಿವೇಕವೂ ಬೇಡವಾಗಿದೆ. ಹಕ್ಕಿಯ ಮುಂದೆ ಕನ್ನಡಿ ಇಟ್ಟು 'ಜೋಡಿ' ಚಿತ್ರ ತೆಗೆಯುವವರಿದ್ದಾರೆ. ಗಾಜಿಗೆ ಹಕ್ಕಿಗಳು ತೆರುವ ಬೆಲೆ ಸಣ್ಣದಲ್ಲ. ಆಕಾಶವನ್ನೂ ಮರವನ್ನೂ ಪ್ರತಿಫಲಿಸುವ ಗಾಜಿನ ಕಟ್ಟಡಗಳಿಗೆ ಡಿಕ್ಕಿ ಹೊಡೆದು ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆ ಎಂಬುದು 2014ರಲ್ಲಿ ಪ್ರಕಟವಾದ ಅಂದಾಜು. ಹಕ್ಕಿಗೆ ಪ್ರತಿಬಿಂಬ ರೂಪಕವಲ್ಲ, ಗೋಡೆ.

ಇನ್ನು 'ಹೈಡ್'ಗಳ ಉದ್ಯಮ. ಜಗತ್ತಿನ ಹಲವೆಡೆ ಈಗ ಬಾಡಿಗೆಗೆ ಮರೆಮನೆಗಳು ಸಿಗುತ್ತವೆ. ಅವುಗಳ ಮುಂದೆ ಕಪ್ಪು ತಳದ, ಅಂಗೈ ಆಳದ ನೀರಿನ ತೊಟ್ಟಿ, ಅಂಚಿಗೆ ಪಾಚಿ ಹಿಡಿದ ಕೊಂಬೆ, ಕೊಂಬೆಯ ಹಿಂದೆ ಕಾಣದಂತೆ ಇಟ್ಟ ಕಾಳು. ಹಕ್ಕಿ ಬಂದು ಕೂತರೆ ಅದರ ಬಿಂಬ ಅಚ್ಚೊತ್ತಿದಂತೆ ಬೀಳುತ್ತದೆ. ಇಂಥ ಮರೆಮನೆಗಳಿಗೆ ಒಂದು ಕಡೆಯಿಂದ ಮಾತ್ರ ಕಾಣುವ ಗಾಜು ಕೂರಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಹಂಗೇರಿಯ ಬೆನ್ಸೆ ಮಾತೆ ಮುಖ್ಯ. ಗಾಜಿನ ಹಿಂದೆ ಮನುಷ್ಯರಿದ್ದರೂ ಹಕ್ಕಿ ಬೆದರುವುದಿಲ್ಲ, ಆ ಮಟ್ಟಿಗೆ ಅದು ಒಳ್ಳೆಯ ಉಪಾಯವೇ. ಆದರೆ ಅದರಲ್ಲೊಂದು ಸತ್ಯ ಅಡಗಿದೆ. ಒಳಗಿರುವವನಿಗೆ ಕಿಟಕಿ, ಹೊರಗಿರುವ ಜೀವಕ್ಕೆ ಕನ್ನಡಿ. ಅವನು ಎಲ್ಲವನ್ನೂ ನೋಡುತ್ತಾನೆ, ಅವನನ್ನು ಯಾರೂ ನೋಡುವುದಿಲ್ಲ. ಈ ಗಾಜನ್ನು ಇಂಥ ಚಿತ್ರಗಳ ಲಾಂಛನ ಎನ್ನಬಹುದು.

ಹಾಗಾದರೆ ಕನ್ನಡಿಯನ್ನೇ ಬಿಟ್ಟುಬಿಡಬೇಕೆ? ಖಂಡಿತ ಇಲ್ಲ. ಕನ್ನಡಿಯನ್ನು ಪ್ರಾಮಾಣಿಕವಾಗಿ ಹಿಡಿದವರಿದ್ದಾರೆ. 1969ರಲ್ಲಿ ರಾಬರ್ಟ್ ಸ್ಮಿತ್‌ಸನ್ ಎಂಬ ಅಮೆರಿಕದ ಕಲಾವಿದ ಒಂದಡಿ ಚೌಕದ ಹನ್ನೆರಡು ಕನ್ನಡಿಗಳನ್ನು ಹೊತ್ತು ಮೆಕ್ಸಿಕೋದ ಯುಕಟಾನ್ ಕಡೆ ಹೋದ. ಒಂಬತ್ತು ಜಾಗಗಳಲ್ಲಿ ಅವುಗಳನ್ನು ಮಣ್ಣಿನಲ್ಲಿ, ಕೊಂಬೆಗಳಲ್ಲಿ, ದಡದಲ್ಲಿ ಸಿಕ್ಕಿಸಿ ಫೋಟೋ ತೆಗೆದು ಮತ್ತೆ ಕಿತ್ತುಕೊಂಡು ಮುಂದೆ ಹೋದ. ಮೊದಲ ಜಾಗ ಬೇಸಾಯಕ್ಕೆಂದು ಅಲ್ಲಿನ ಜನ ಸುಟ್ಟು ಬಯಲು ಮಾಡಿದ ನೆಲ. ಅಲ್ಲಿನ ಬೂದಿಯಲ್ಲಿ ಕನ್ನಡಿಗಳು ನಿಂತಿವೆ. ಅವುಗಳಲ್ಲಿ ಪೂರ್ತಿ ದೃಶ್ಯವೊಂದು ಕಾಣುವುದೇ ಇಲ್ಲ. ಒಂದರಲ್ಲಿ ಆಕಾಶದ ತುಂಡು, ಇನ್ನೊಂದರಲ್ಲಿ ಎಲೆ. ಕನ್ನಡಿ ಇಲ್ಲಿ ತಾನು ಹೊರಗಿನಿಂದ ಬಂದ ವಸ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆ ಪ್ರವಾಸದ ಬಗ್ಗೆ ಅವನು ಬರೆದ ಪ್ರಬಂಧ ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಆರ್ಟ್‌ಫೋರಂ' ಪತ್ರಿಕೆಯಲ್ಲಿ ಬಂತು.

2012ರಲ್ಲಿ ಡೇನಿಯಲ್ ಕುಕ್ಲಾ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಚಿತ್ರಕಾರರ ಈಸೆಲ್ ಮೇಲೆ ದೊಡ್ಡ ಕನ್ನಡಿಯೊಂದನ್ನು ನಿಲ್ಲಿಸಿ ಸರಣಿಯೊಂದನ್ನು ಮಾಡಿದ. ಎರಡು ಮರುಭೂಮಿಗಳು ಸೇರುವ ಜಾಗ ಅದು. ಕ್ಯಾಮೆರಾದ ಮುಂದೆ ಒಂದು ಬಗೆಯ ನೆಲ, ಕನ್ನಡಿಯಲ್ಲಿ ಕ್ಯಾಮೆರಾದ ಬೆನ್ನ ಹಿಂದಿನ ನೆಲ. ಈಸೆಲ್ಲಿನ ಕಾಲುಗಳು ಮರಳಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಇದು ಇಲ್ಲಿಗೆ ತಂದಿಟ್ಟ ಚಿತ್ರ ಎಂದು ಅವು ಹೇಳುತ್ತವೆ. ಅಲ್ಲೂ ಕನ್ನಡಿಯನ್ನು ಓರೆ ತಿರುಗಿಸಿ ಫೋಟೋ ತೆಗೆದವನು ಮಾತ್ರ ತಪ್ಪಿಸಿಕೊಂಡಿದ್ದಾನೆ, ಅದು ನನ್ನ ತಕರಾರು. ಆದರೂ ನಮ್ಮ ಬೆನ್ನ ಹಿಂದೆ ಏನಿದೆ ಎಂದು ಕೇಳುವ ಕನ್ನಡಿ ನಮ್ಮ ಕೆರೆಯ ಚಿತ್ರಗಳಿಗಿಂತ ಎಷ್ಟೋ ಮೇಲು.

ನನ್ನ ಅಗಸ್ತ್ಯತೀರ್ಥದ ಬೆನ್ನ ಹಿಂದೆ ಏನಿತ್ತು? ಹದಿನೈದು ಟ್ರೈಪಾಡುಗಳು, ಎರಡು ಟೆಂಪೊ ಟ್ರಾವೆಲರ್‌ಗಳು, ಶಾಲೆಗೆ ತಡವಾದ ಮಕ್ಕಳ ತಾಯಂದಿರು.

ಇದಕ್ಕೆ ಬರುವ ಉತ್ತರಗಳನ್ನು ನಾನು ಊಹಿಸಬಲ್ಲೆ, ಏಕೆಂದರೆ ಬಹುಕಾಲ ಅವನ್ನು ನಾನೇ ಕೊಟ್ಟಿದ್ದೇನೆ. ಮೊದಲನೆಯದು: ಕಲೆ ಎಂದರೆ ಆಯ್ಕೆ, ಎಲ್ಲವನ್ನೂ ತೋರಿಸಲು ಅದೇನು ಪಂಚನಾಮೆಯೇ? ಒಪ್ಪಿದೆ. ಆದರೆ ನಾವು ಆರಿಸಿಕೊಂಡದ್ದಲ್ಲ, ತೆರವು ಮಾಡಿಸಿದ್ದು. ಇದ್ದುದರಲ್ಲಿ ಒಂದನ್ನು ಆರಿಸುವುದು ಬೇರೆ, ಉಳಿದವರನ್ನು ಎಬ್ಬಿಸಿ ಒಂದನ್ನು ಉಳಿಸಿಕೊಳ್ಳುವುದು ಬೇರೆ. ಎರಡನೆಯದು: ಸುಂದರ ಚಿತ್ರ ನೋಡಿದರೆ ಜನರಿಗೆ ನಿಸರ್ಗದ ಮೇಲೆ ಪ್ರೀತಿ ಬರುತ್ತದೆ, ಉಳಿಸಬೇಕೆನಿಸುತ್ತದೆ. ಯೊಸೆಮಿಟಿಯ ಮಟ್ಟಿಗೆ ಇದು ಸುಳ್ಳಲ್ಲ ಎಂದು ನಾನೇ ಹೇಳಿದೆ. ಆದರೆ ಖಾಲಿ ಚಿತ್ರ ನೋಡಿ ಹುಟ್ಟಿದ ಪ್ರೀತಿ ಖಾಲಿ ಜಾಗವನ್ನೇ ಬಯಸುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೆನೆಯಿರಿ. ಸುಮಾರು 900 ಎಕರೆಯ ಕೆರೆ. ಊರಿನ ಕೊಳಚೆ ಹರಿದು ನೊರೆ ಉಕ್ಕಿ ರಸ್ತೆಗೆ ಬಂತು, 2017ರಲ್ಲೂ 2018ರಲ್ಲೂ ಅಲ್ಲಿ ಬೆಂಕಿ ಹೊತ್ತಿತು. ನೊರೆಯಲ್ಲಿ ಬಿಂಬ ಬೀಳುವುದಿಲ್ಲ, ಅಂತರಗಂಗೆ ಹಬ್ಬಿದ ನೀರಿನಲ್ಲಿಯೂ ಬೀಳುವುದಿಲ್ಲ. ಬಿಂಬ ಬೀಳದ ಕೆರೆಯನ್ನು ನೋಡಲು ನಮ್ಮ ಕಣ್ಣಿಗೆ ತರಬೇತಿಯೇ ಇಲ್ಲ. ಪತ್ರಕರ್ತರು ತೆಗೆದ ಆ ನೊರೆಯ ಚಿತ್ರಗಳು ಕೆರೆಗೆ ಮಾಡಿದ ಉಪಕಾರವನ್ನು ಯಾವ ಸೂರ್ಯೋದಯದ ಪ್ರತಿಬಿಂಬವೂ ಮಾಡಲಿಲ್ಲ.

ಮೂರನೆಯ ಉತ್ತರ ಹೆಚ್ಚು ಸೂಕ್ಷ್ಮವಾದದ್ದು: ಇದೆಲ್ಲ ಸಮಾಜಶಾಸ್ತ್ರ, ನೀರಿನ ಮುಂದೆ ಸುಮ್ಮನೆ ನಿಂತಾಗ ಮನಸ್ಸು ತಿಳಿಯಾಗುವ ಅನುಭವಕ್ಕೆ ಬೆಲೆ ಇಲ್ಲವೇ? ಇದೆ. ಆದರೆ ಆ ತಿಳಿತನ ತಾನಾಗಿ ಒದಗಿದ್ದೇ ಅಥವಾ ಇನ್ನೊಬ್ಬರ ಕೆಲಸ ನಿಲ್ಲಿಸಿ ಪಡೆದದ್ದೇ ಎಂದು ಕೇಳಿಕೊಳ್ಳದ ಮನಸ್ಸು ತಿಳಿಯಾಗಿದೆ ಎಂದು ನಾನು ನಂಬುವುದಿಲ್ಲ.

ಕನ್ನಡದಲ್ಲಿ ಓದುವ ನಮಗೆ ಇದು ಇಷ್ಟು ಕಷ್ಟವಾಗಬಾರದಿತ್ತು. ನನ್ನ ಸಂಶೋಧನೆ ನಮ್ಮ ಪರಿಸರ ಬರವಣಿಗೆಯ ಮೇಲೆ. ನಾಲ್ಕು ವರ್ಷದಿಂದ ಅದನ್ನೇ ಓದುತ್ತಿದ್ದೇನೆ. ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದಿದ್ದ ತೇಜಸ್ವಿಯವರ 'ಕರ್ವಾಲೊ'ವನ್ನೇ ತೆಗೆದುಕೊಳ್ಳಿ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವ ತಂಡದಲ್ಲಿ ವಿಜ್ಞಾನಿಯ ಜೊತೆ ಮಂದಣ್ಣನಿದ್ದಾನೆ, ಪ್ಯಾರನಿದ್ದಾನೆ, ಬಿರಿಯಾನಿ ಕರಿಯಪ್ಪನಿದ್ದಾನೆ, ಕಿವಿ ಎಂಬ ನಾಯಿಯೂ ಇದೆ. ಜಗಳ, ಹಸಿವು, ಗದ್ದಲ ಎಲ್ಲ ಇದೆ. ಓತಿ ಕೊನೆಗೆ ಕೈಗೂ ಸಿಗುವುದಿಲ್ಲ. ಆದರೂ ಆ ಪುಸ್ತಕದಲ್ಲಿ ಕಾಡು ಎಷ್ಟು ಇದೆ! ಮನುಷ್ಯರನ್ನು ಎಬ್ಬಿಸಿ ಕಳಿಸದೆಯೇ ನಿಸರ್ಗವನ್ನು ಬರೆಯಬಹುದು ಎಂದು ನಮ್ಮ ಗದ್ಯಕ್ಕೆ ಗೊತ್ತಿತ್ತು. ನಮ್ಮ ಫೋಟೋಗಳಿಗೆ ಅದನ್ನು ಕಲಿಸಲಿಲ್ಲ. ಸಾಹಿತ್ಯವನ್ನು ಒಂದು ಕೋಣೆಯಲ್ಲೂ ಕ್ಯಾಮೆರಾವನ್ನು ಇನ್ನೊಂದು ಕೋಣೆಯಲ್ಲೂ ಇಟ್ಟು ಬೆಳೆದ ನಾವೇ ಇದಕ್ಕೆ ಹೊಣೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತದೆ ಗಾದೆ. ನಮ್ಮ ಕೆರೆಗಳ ಹುಣ್ಣು ಅಂಗೈಯಲ್ಲೇ ಇದೆ, ನಾವು ಮಾತ್ರ ಕನ್ನಡಿ ಹುಡುಕುತ್ತಿದ್ದೇವೆ, ಅದೂ ಹುಣ್ಣು ಕಾಣದಂಥ ಕನ್ನಡಿ.

ಹಾಗಾಗಿ ನನ್ನ ಬೇಡಿಕೆಗಳು ಸರಳ. ತೀರ್ಪುಗಾರರೇ, ಎರಡೂ ಅರ್ಧ ಒಂದೇ ಆಗಿರುವ ಚಿತ್ರಕ್ಕೆ ಬಹುಮಾನ ಕೊಡುವ ಮೊದಲು, ಇದಕ್ಕಾಗಿ ಯಾರನ್ನಾದರೂ ಏಳಿಸಿದಿರಾ ಎಂದು ಒಂದು ಮಾತು ಕೇಳಿ. ಶಿಬಿರ ನಡೆಸುವವರೇ, ಬಟ್ಟೆ ಒಗೆಯುವವರು, ಬಲೆ ಬೀಸುವವರು, ಎಮ್ಮೆ ಮೈತೊಳೆಯುವವರು ಇರುವ ನೀರನ್ನು ಹಾಗೆಯೇ ತೆಗೆಯಲು ಕಲಿಸಿ. ಅಲೆಯಲ್ಲಿ ಒಡೆದ ಬಿಂಬವನ್ನು ಕಟ್ಟುವುದು ನಿಂತ ಬಿಂಬವನ್ನು ಕಟ್ಟುವುದಕ್ಕಿಂತ ಕಷ್ಟದ ಕಲೆ. ನನ್ನ ಓರಗೆಯ ವಿದ್ಯಾರ್ಥಿಗಳೇ, ಹಕ್ಕಿಯ ಮುಂದೆ ಕನ್ನಡಿ ಇಡಬೇಡಿ. ಇಡಲೇಬೇಕಾದರೆ ನಿಮ್ಮ ಮುಂದೆ ಇಟ್ಟುಕೊಳ್ಳಿ, ಅದರಲ್ಲಿ ನಿಮ್ಮ ಮುಖವೂ ಕಾಣಲಿ. ಬೇಲೂರಿನ ಗುಡಿಯ ದರ್ಪಣ ಸುಂದರಿ ಶತಮಾನಗಳಿಂದ ಕೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾಳೆ. ತಾನು ನೋಡಿಕೊಳ್ಳುತ್ತಿರುವುದು ತನ್ನನ್ನೇ ಎಂಬುದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿಲ್ಲ.

ಹೋದ ಚಳಿಗಾಲದಲ್ಲಿ ನಾನು ಒಬ್ಬಳೇ ಮತ್ತೆ ಬಾದಾಮಿಗೆ ಹೋಗಿದ್ದೆ. ಅದೇ ಮೆಟ್ಟಿಲು, ಅದೇ ಹೊತ್ತು. ಹಿರಿಯಾಕೆ ಇದ್ದಳು. ಅವಳಿಗೆ ನನ್ನ ನೆನಪಿರಲಿಲ್ಲ, ಫೋಟೋ ತೆಗೆಯುವವರು ಎಷ್ಟೋ ಜನ ಬರುತ್ತಾರೆ. ಒಗೆಯುವುದನ್ನು ನಿಲ್ಲಿಸಬೇಡಿ ಎಂದು ಹೇಳಿ, ತೆಗೆಯಲೇ ಎಂದು ಕೇಳಿ, ಅವರು ಹೂಂ ಎಂದ ಮೇಲೆ ತೆಗೆದೆ. ಅಲೆಗಳು ಬಂದವು. ನೀರೊಳಗಿನ ಭೂತನಾಥ ಒಡೆದು ಹೋಳಾದ, ಬೆಟ್ಟದ ಕೆಂಪು ಉದ್ದುದ್ದ ಪಟ್ಟಿಗಳಾಗಿ ಹರಡಿಕೊಂಡಿತು. ಕ್ಯಾಮೆರಾದ ಪರದೆಯ ಮೇಲೆ ಅದನ್ನು ಅವಳಿಗೆ ತೋರಿಸಿದೆ.

"ಗುಡಿ ಎಲ್ಲಿ ಐತಿ ಇದರಾಗ?" ಎಂದಳು. ಆಮೇಲೆ ಒದ್ದೆ ಬೆರಳನ್ನು ಪರದೆಗೆ ತಾಗದಂತೆ ಹತ್ತಿರ ಹಿಡಿದು, ಕೆಂಪು ಪಟ್ಟಿಗಳ ನಡುವೆ ಹಸಿರಾಗಿ ಅಲುಗಿದ್ದ ಒಂದು ಗೆರೆಯನ್ನು ತೋರಿಸಿದಳು. "ಇದು ನನ್ನ ಸೀರಿ ನೋಡ್ ತಂಗಿ."